ಪ್ರಿಂಟ್ ಹೋಯಿತು, ಬಾಡಿಗೆ ಉಳಿಯಿತು

ಸಿನಿಮಾದ ಒಂದು ನಿಮಿಷ ಎಂದರೆ 90 ಅಡಿ ಫಿಲ್ಮ್. ಟಾಕಿ ಬಂದ ಮೇಲಿನ ಎಂಬತ್ತು ವರ್ಷದ ವ್ಯಾಪಾರ ಈ ಅಳತೆಯ ಸುತ್ತಲೇ ಕಟ್ಟಿಕೊಂಡಿತ್ತು. 35 ಎಂಎಂ ಫಿಲ್ಮಿನಲ್ಲಿ ಅಡಿಗೆ 16 ಫ್ರೇಮ್, ಸೆಕೆಂಡಿಗೆ 24 ಫ್ರೇಮ್. ಎರಡೂವರೆ ಗಂಟೆಯ ಕನ್ನಡ ಚಿತ್ರಕ್ಕೆ 13,500 ಅಡಿ. ಸಾವಿರ ಅಡಿಯ ರೀಲಿನ ಲೆಕ್ಕದಲ್ಲಿ 14 ರೀಲು, ಡಬ್ಬಗಳೂ ಸೇರಿ ಮೂವತ್ತು ಕೆಜಿ ದಾಟುವ ಹೊರೆ. ಫಿಲ್ಮ್ ಕಾಲದ ಕೊನೆಯ ವರ್ಷಗಳಲ್ಲಿ ಇಂಥ ಒಂದು ಬಣ್ಣದ ಪ್ರಿಂಟಿಗೆ ಸುಮಾರು ₹60,000ದಿಂದ ₹70,000 ಬೀಳುತ್ತಿತ್ತು. ನಲವತ್ತು ಪ್ರಿಂಟ್ ಹಾಕಿಸಿದರೆ ಇಪ್ಪತ್ತೈದು ಲಕ್ಷದ ಮೇಲೆ. ಚಿತ್ರ ಓಡಲಿ, ಮೊದಲ ವಾರಕ್ಕೇ ಮಲಗಲಿ, ಆ ದುಡ್ಡು ಲ್ಯಾಬಿಗೆ ಹೋದದ್ದು ಹೋದದ್ದೇ.

ಹಾಗಾಗಿ ಡಿಜಿಟಲ್ ಬಂದಾಗ ಎಲ್ಲರ ಬಾಯಲ್ಲೂ ಇದ್ದ ಮಾತು ಒಂದೇ: ಇನ್ನು ಸಿನಿಮಾ ಬಿಡುಗಡೆ ಅಗ್ಗ. ಯಾರಿಗೆ ಅಗ್ಗ, ಎಷ್ಟು ದಿನಕ್ಕೆ ಅಗ್ಗ ಎಂದು ಕೂತು ಲೆಕ್ಕ ಹಾಕಿದವರು ಕಡಿಮೆ. ಆ ಲೆಕ್ಕ ಇವತ್ತಿಗೂ ಮುಗಿದಿಲ್ಲ. 2010ರಿಂದ 2014ರ ನಡುವೆ ನಮ್ಮ ಪ್ರೊಜೆಕ್ಟರ್ ರೂಮುಗಳಿಗೆ ಬಂದು ಕೂತ ಯಂತ್ರಗಳಿಗೆ ಈಗ ವಯಸ್ಸಾಗಿದೆ. ಎರಡನೇ ಸಲ ಬಂಡವಾಳ ಹಾಕುವ ಸರದಿ ಬಂದಿದೆ.

ಮೊದಲು ಹಳೆಯ ವ್ಯವಸ್ಥೆಯ ಲೆಕ್ಕ ನೋಡಬೇಕು. ಪ್ರಿಂಟ್ ದುಬಾರಿ, ಆದ್ದರಿಂದ ಪ್ರಿಂಟ್ ಕಡಿಮೆ. ಕಡಿಮೆ ಇದ್ದುದರಿಂದ ಅದು ಊರೂರು ತಿರುಗಬೇಕಿತ್ತು. ಬೆಂಗಳೂರು, ಕೋಲಾರ, ತುಮಕೂರು ಸೇರಿದ ಬಿಕೆಟಿ ಏರಿಯಾ ಇರಲಿ, ಮೈಸೂರು ಕಡೆ ಇರಲಿ, ಮೊದಲ ಬಿಡುಗಡೆ ನಗರ ಮತ್ತು ಜಿಲ್ಲಾ ಕೇಂದ್ರಗಳಲ್ಲಿ. ಕೆಲವು ವಾರ ಕಳೆದ ಮೇಲೆ ಅದೇ ಪ್ರಿಂಟ್ ತಾಲ್ಲೂಕು ಕೇಂದ್ರಕ್ಕೆ, ಅಲ್ಲಿಂದ ಹೋಬಳಿಗೆ, ಕೊನೆಗೆ ಟೂರಿಂಗ್ ಟಾಕೀಸಿಗೆ. ಪ್ರಿಂಟ್ ಸಾಲದ ಕಡೆ ಎರಡು ಥಿಯೇಟರಿಗೆ ಒಂದೇ ಪ್ರಿಂಟ್. ಇಲ್ಲಿ ಮೂರು ರೀಲು ಮುಗಿದ ಕೂಡಲೇ ಡಬ್ಬ ಹೊತ್ತ ಹುಡುಗ ಮೊಪೆಡ್ ಹತ್ತಿ ಅಲ್ಲಿಗೆ ಓಡುತ್ತಿದ್ದ. ಇದಕ್ಕೆ ಶಿಫ್ಟಿಂಗ್ ಎನ್ನುತ್ತಿದ್ದರು. ಅಲ್ಲಿನ ಪ್ರದರ್ಶನ ಅರ್ಧ ಗಂಟೆ ತಡವಾಗಿ ಶುರುವಾಗುತ್ತಿದ್ದುದಕ್ಕೆ ಇದೇ ಕಾರಣ.

ತಡವಾಗಿ ಬಂದ ಪ್ರಿಂಟ್ ಹಳತಾಗಿರುತ್ತಿತ್ತು. ಫಿಲ್ಮನ್ನು ಒತ್ತಿ ಹಿಡಿಯುವ ಗೇಟಿನ ಒತ್ತಡ ಹೆಚ್ಚಾದರೆ ಉದ್ದುದ್ದ ಗೆರೆ ಬೀಳುತ್ತದೆ, ಫಿಲ್ಮ್ ಎಳೆಯುವ ಹಲ್ಲುಗಾಲಿಯ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲು ಸವೆದು ಕೊಕ್ಕೆಯಂತಾಗಿದ್ದರೆ ಅಂಚಿನ ತೂತು ಹರಿಯುತ್ತದೆ, ಹರಿದ ಕಡೆ ನಾಲ್ಕು ಫ್ರೇಮ್ ಕತ್ತರಿಸಿ ಜಾಯಿಂಟ್ ಹಾಕಿದರೆ ಮಾತು ತುಂಡಾಗುತ್ತದೆ. ಆದರೆ ಆ ಗೆರೆ ಬಿದ್ದ ಪ್ರಿಂಟಿಗೂ ಒಂದು ಬೆಲೆ ಇತ್ತು. ಅದು ಕಡಿಮೆ ಬೆಲೆ. ಸಣ್ಣ ಊರಿನ ಥಿಯೇಟರ್ ಮಾಲೀಕನ ಇಡೀ ವ್ಯವಹಾರ ಆ ಕಡಿಮೆ ಬೆಲೆಯ ಮೇಲೆ ನಿಂತಿತ್ತು. ಚಿತ್ರ ಬೆಂಗಳೂರಿನಲ್ಲಿ ಗೆದ್ದಿದೆಯೋ ಸೋತಿದೆಯೋ ಗೊತ್ತಾದ ಮೇಲೆ, ಗೆದ್ದದ್ದನ್ನೇ ಆರಿಸಿ, ಕಡಿಮೆ ದುಡ್ಡಿಗೆ ತರುವ ಅವಕಾಶ ಅವನಿಗಿತ್ತು. ಮುಂದೆ ಆಗಿದ್ದನ್ನು ತಿಳಿಯಲು ಈ ಅಂಶವೇ ಮುಖ್ಯ.

ಇನ್ನು ಯಂತ್ರ. 1960ರ ದಶಕದಲ್ಲಿ ಕೂರಿಸಿದ ಫೋಟೋಫೋನ್ ಪ್ರೊಜೆಕ್ಟರ್ 2010ರಲ್ಲೂ ಓಡುತ್ತಿತ್ತು. ಚಿತ್ರವನ್ನು ಫ್ರೇಮ್ ಫ್ರೇಮಾಗಿ ಎಳೆದು ನಿಲ್ಲಿಸುವ ಮಾಲ್ಟೀಸ್ ಕ್ರಾಸ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಎಣ್ಣೆ ಬದಲಿಸುತ್ತಿದ್ದರೆ ಅದಕ್ಕೆ ಸಾವಿಲ್ಲ. ಸ್ಪ್ರಾಕೆಟ್ ಸವೆದರೆ ತಿರುಗಿಸಿ ಹಾಕಿ ಹಲ್ಲಿನ ಇನ್ನೊಂದು ಬದಿ ಬಳಸಬಹುದು. ಬೇರಿಂಗ್, ಬುಷ್, ಗೇರು ಹಾಳಾದರೆ ಊರಿನ ಲೇತ್‌ನಲ್ಲೇ ಮಾಡಿಸಬಹುದು. ಬೆಳಕಿಗೆ ಮೊದಲು ಕಾರ್ಬನ್ ಕಡ್ಡಿ, ಆಮೇಲೆ ಝೆನಾನ್ ಬಲ್ಬ್. ಕಾರ್ಬನ್ ಕಾಲದಲ್ಲಿ ಎರಡು ಕಡ್ಡಿಗಳ ನಡುವಿನ ಅಂತರವನ್ನು ಆಪರೇಟರ್ ಕಣ್ಣಿಟ್ಟು ಕಾಯಬೇಕಿತ್ತು, ಉಳಿದ ಮೋಟು ತುಂಡುಗಳನ್ನೂ ಜೋಡಿಸಿ ಉರಿಸಿ ಉಳಿತಾಯ ಮಾಡುತ್ತಿದ್ದರು. ಒಮ್ಮೆ ಹಾಕಿದ ಬಂಡವಾಳ ನಲವತ್ತು ವರ್ಷ ದುಡಿಯುತ್ತಿತ್ತು. ಸವಕಳಿಯ ಲೆಕ್ಕ ಬರೆಯುವ ಅಗತ್ಯವೇ ಬೀಳದ ಯಂತ್ರ ಅದು.

ಫಿಲ್ಮ್ ಬಿಟ್ಟು ಡಿಜಿಟಲ್‌ಗೆ ಬರಲು ಮೊದಲು ಅವಸರಪಟ್ಟವರು ಅಮೆರಿಕದ ದೊಡ್ಡ ಸ್ಟುಡಿಯೋಗಳು. ಕಾರಣ ಸರಳ. ಪ್ರಿಂಟಿನ ದುಡ್ಡು ಕೊಡುತ್ತಿದ್ದವರು ಅವರೇ. ಮೂರು ಸಾವಿರ ಪರದೆಗೆ ಬಿಡುಗಡೆ ಮಾಡಿದರೆ ಮೂರು ಸಾವಿರ ಪ್ರಿಂಟ್, ಪ್ರತಿಯೊಂದಕ್ಕೂ ಸಾವಿರ ಡಾಲರಿನ ಮೇಲೆ. 2002ರಲ್ಲಿ ಏಳು ಸ್ಟುಡಿಯೋಗಳು ಸೇರಿ ಡಿಜಿಟಲ್ ಸಿನಿಮಾ ಇನಿಶಿಯೇಟಿವ್ಸ್, ಅಂದರೆ ಡಿಸಿಐ, ಎಂಬ ಸಂಸ್ಥೆ ಕಟ್ಟಿದವು. 2005ರ ಜುಲೈನಲ್ಲಿ ಅದರ ಮಾನದಂಡ ಹೊರಬಂತು. 2048 × 1080 ಪಿಕ್ಸೆಲ್‌ನ 2ಕೆ ಅಥವಾ ಅದರ ನಾಲ್ಕು ಪಟ್ಟಿನ 4ಕೆ, ಜೆಪೆಗ್ 2000 ಸಂಕೋಚನ, ಸೆಕೆಂಡಿಗೆ ಗರಿಷ್ಠ 250 ಮೆಗಾಬಿಟ್, 12 ಬಿಟ್ ಬಣ್ಣ, ಬಿಗಿಯಾದ ಗೂಢಲಿಪಿ. ಅದಕ್ಕೆ ತಕ್ಕ ಯಂತ್ರವನ್ನು ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್‌ನ ಡಿಎಲ್‌ಪಿ ಎಂಬ, ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಚಿಪ್ ಬಳಸಿ ಕ್ರಿಸ್ಟಿ, ಬಾರ್ಕೊ, ಎನ್ಇಸಿ ಮಾಡಿದವು. ಸೋನಿ ತನ್ನದೇ ಬೇರೆ ದಾರಿ ಹಿಡಿಯಿತು.

ಆದರೆ ಉಳಿತಾಯ ಸ್ಟುಡಿಯೋಗಳದ್ದು, ಯಂತ್ರ ಕೊಳ್ಳಬೇಕಾದವನು ಥಿಯೇಟರ್ ಮಾಲೀಕ. ಅವನಿಗೆ ಟಿಕೆಟ್ ದರ ಏರುವುದಿಲ್ಲ, ಜನ ಹೆಚ್ಚುವುದಿಲ್ಲ. ಇದ್ದ ಯಂತ್ರ ಚೆನ್ನಾಗಿಯೇ ಓಡುತ್ತಿರುವಾಗ ಪರದೆಗೆ ಎಪ್ಪತ್ತು ಸಾವಿರದಿಂದ ಲಕ್ಷ ಡಾಲರ್ ಯಾಕೆ ಸುರಿಯಬೇಕು? ಈ ಗಂಟು ಬಿಡಿಸಲು ಹುಟ್ಟಿದ್ದೇ ವರ್ಚುಯಲ್ ಪ್ರಿಂಟ್ ಫೀ, ವಿಪಿಎಫ್. ಪ್ರಿಂಟ್ ಇಲ್ಲದೆ ಉಳಿದ ದುಡ್ಡಿನಲ್ಲಿ ಒಂದು ಪಾಲನ್ನು, ಪ್ರತಿ ಚಿತ್ರಕ್ಕೆ ಪರದೆಗೆ ಇಷ್ಟು ನೂರು ಡಾಲರ್ ಎಂದು ಸ್ಟುಡಿಯೋ ಕೊಡುತ್ತದೆ. ನಡುವಿನ ಕಂಪನಿ ಸಾಲ ಎತ್ತಿ ಯಂತ್ರ ಕೂರಿಸಿ, ಈ ಶುಲ್ಕದಿಂದ ಸಾಲ ತೀರಿಸುತ್ತದೆ. ಎಎಂಸಿ, ರೀಗಲ್, ಸಿನೆಮಾರ್ಕ್ ಎಂಬ ಮೂರು ದೊಡ್ಡ ಥಿಯೇಟರ್ ಸರಪಳಿಗಳು ಸೇರಿ ಕಟ್ಟಿದ ಡಿಸಿಐಪಿ 2010ರಲ್ಲಿ 66 ಕೋಟಿ ಡಾಲರ್ ಹಣ ಹೊಂದಿಸಿದ್ದು ಹೀಗೆ. 2009ರ ಡಿಸೆಂಬರ್‌ನಲ್ಲಿ ಬಂದ 'ಅವತಾರ್' ಚಿತ್ರದ 3ಡಿ ಪ್ರದರ್ಶನಕ್ಕೆ ನಿಂತ ಜನರ ಸಾಲುಗಳು ಆ ಕೆಲಸಕ್ಕೆ ಇನ್ನಷ್ಟು ವೇಗ ಕೊಟ್ಟಿದ್ದವು. 2013ರಲ್ಲಿ ಫ್ಯೂಜಿಫಿಲ್ಮ್ ಸಿನಿಮಾ ಫಿಲ್ಮ್ ತಯಾರಿಕೆ ನಿಲ್ಲಿಸಿತು, 2014ರ ಆರಂಭದ ಹೊತ್ತಿಗೆ ಪ್ಯಾರಾಮೌಂಟ್ ಅಮೆರಿಕದಲ್ಲಿ ಫಿಲ್ಮ್ ಪ್ರಿಂಟ್ ಕೊಡುವುದನ್ನು ಬಹುತೇಕ ಬಿಟ್ಟಿತು.

ಅಲ್ಲಿನ ಒಪ್ಪಂದದ ಒಂದು ಅಂಶ ನೆನಪಿಡಬೇಕು. ವಿಪಿಎಫ್‌ಗೆ ಕೊನೆಯ ದಿನಾಂಕ ಇತ್ತು. ಸುಮಾರು ಹತ್ತು ವರ್ಷ, ಅಥವಾ ಯಂತ್ರದ ಸಾಲ ತೀರುವವರೆಗೆ. ಆಮೇಲೆ ಶುಲ್ಕವಿಲ್ಲ.

ನಮ್ಮಲ್ಲಿ ಕಥೆ ಬೇರೆ ತಿರುವು ಪಡೆಯಿತು. ಡಿಸಿಐ ಒಪ್ಪುವ ಯಂತ್ರದ ಬೆಲೆ ತಾಲ್ಲೂಕು ಕೇಂದ್ರದ ಥಿಯೇಟರಿನ ವರ್ಷಗಟ್ಟಲೆಯ ಲಾಭವನ್ನೂ ಮೀರುತ್ತಿತ್ತು. 2005ರ ಸುಮಾರಿಗೆ ಮುಂಬೈನ ಯುಎಫ್ಒ ಮೂವೀಝ್ ಮತ್ತು ಚೆನ್ನೈನ ರಿಯಲ್ ಇಮೇಜ್ ಕಂಪನಿಯ ಕ್ಯೂಬ್ ಅದಕ್ಕೆ ಪರ್ಯಾಯ ತಂದವು. ಸಭಾಂಗಣಗಳಲ್ಲಿ ಬಳಸುವಂಥ ಪ್ರೊಜೆಕ್ಟರ್, ಅದಕ್ಕೊಂದು ಸರ್ವರ್, ಹಾಲಿವುಡ್ ಮಾನದಂಡಕ್ಕಿಂತ ಕೆಳಗಿನ ಆದರೆ ಗೆರೆ ಬಿದ್ದ ಪ್ರಿಂಟಿಗಿಂತ ಎಷ್ಟೋ ಮೇಲಾದ ಚಿತ್ರ. ಇದಕ್ಕೆ ಇ-ಸಿನಿಮಾ ಎಂಬ ಹೆಸರು ಬಿತ್ತು. ಯುಎಫ್ಒ ಥಿಯೇಟರಿನ ತಾರಸಿಯ ಮೇಲೆ ಡಿಶ್ ಕೂರಿಸಿ ಉಪಗ್ರಹದ ಮೂಲಕವೇ ಚಿತ್ರ ಇಳಿಸಿತು. ಹಾರ್ಡ್ ಡಿಸ್ಕ್ ಹೊತ್ತು ಬಸ್ಸಿನಲ್ಲಿ ಬರುವ ಪ್ರತಿನಿಧಿಯೂ ಬೇಡವಾದ. ಇದು ದೊಡ್ಡ ಸಾಧನೆ ಎಂಬುದರಲ್ಲಿ ಅನುಮಾನವಿಲ್ಲ. ಬೆಂಗಳೂರಿನ ಕೆಜಿ ರಸ್ತೆಯ ಥಿಯೇಟರಿನಲ್ಲೂ ಸಣ್ಣ ಪಟ್ಟಣದಲ್ಲೂ ಶುಕ್ರವಾರ ಬೆಳಗ್ಗೆ ಒಂದೇ ಹೊಸ ಪ್ರತಿ, ಒಂದೂ ಗೆರೆಯಿಲ್ಲದ ಪ್ರತಿ ಓಡುವುದು ಅದಕ್ಕೆ ಮೊದಲು ಯಾರೂ ಕಂಡಿರದ ಸಂಗತಿ. 2015ರ ಹೊತ್ತಿಗೆ ಯುಎಫ್ಒ ಜಾಲದಲ್ಲೇ ಐದು ಸಾವಿರದ ಆಸುಪಾಸು ಪರದೆಗಳಿದ್ದವು.

ವ್ಯವಹಾರ ಕುದುರಿದ ಬಗೆ ಹೀಗೆ. ಯಂತ್ರ ಕಂಪನಿಯದ್ದು, ಥಿಯೇಟರಿಗೆ ಅದು ಲೀಸ್. ಮಾಲೀಕ ಮುಂಗಡ ಠೇವಣಿ ಇಟ್ಟು ತಿಂಗಳ ಬಾಡಿಗೆ ಕಟ್ಟುತ್ತಾನೆ, ಇಲ್ಲವೇ ಪ್ರದರ್ಶನಕ್ಕೆ ಇಷ್ಟು ಎಂದು ಕೊಡುತ್ತಾನೆ. ನಿರ್ಮಾಪಕ ಅಥವಾ ವಿತರಕ ಪ್ರತಿ ಪರದೆಗೆ ವಿಪಿಎಫ್ ಕಟ್ಟುತ್ತಾನೆ. ಪ್ರದರ್ಶನದ ಲೆಕ್ಕ, ವಾರದ ಲೆಕ್ಕ, ಚಿತ್ರದ ಇಡೀ ಓಟಕ್ಕೆ ಒಂದೇ ಮೊತ್ತ, ಹೀಗೆ ಹಲವು ಬಗೆ. ಮೂರನೆಯ ಹರಿವು ಜಾಹೀರಾತು. ಚಿತ್ರಕ್ಕೆ ಮೊದಲು ಮತ್ತು ಇಂಟರ್ವಲ್‌ನಲ್ಲಿ ಬರುವ ಜಾಹೀರಾತಿನ ನಿಮಿಷಗಳನ್ನು ಮಾರುವ ಹಕ್ಕು ಬಹುತೇಕ ಒಪ್ಪಂದಗಳಲ್ಲಿ ಕಂಪನಿಯದ್ದು, ಥಿಯೇಟರಿಗೆ ಒಂದು ಪಾಲು. ಸ್ಲೈಡ್ ಹಾಕಿ ಊರಿನ ಬಟ್ಟೆ ಅಂಗಡಿಯಿಂದ ನೇರವಾಗಿ ದುಡ್ಡು ಪಡೆಯುತ್ತಿದ್ದ ಮಾಲೀಕನಿಗೆ, ತನ್ನದೇ ಪರದೆಯ ಮೇಲಿನ ನಿಮಿಷಗಳು ಕೈತಪ್ಪಿದ್ದು ಆಮೇಲೆ ಅರಿವಾಯಿತು.

ಈಗ ನಿರ್ಮಾಪಕನ ಲೆಕ್ಕ. ಪ್ರಿಂಟ್ ₹65,000 ಎಂದಿಟ್ಟುಕೊಳ್ಳೋಣ. ವಿಪಿಎಫ್ ಪ್ರದರ್ಶನಕ್ಕೆ ₹300 ಎಂದಿಟ್ಟುಕೊಳ್ಳೋಣ. ಇ-ಸಿನಿಮಾ ಪರದೆಗಳಲ್ಲಿ ಇದರ ಆಸುಪಾಸಿನ ದರ ಬಳಕೆಯಲ್ಲಿತ್ತು. ದಿನಕ್ಕೆ ನಾಲ್ಕು ಪ್ರದರ್ಶನ, ವಾರಕ್ಕೆ 28. ವಾರಕ್ಕೆ ₹8,400. ಎರಡು ವಾರ ಓಡಿದ ಚಿತ್ರಕ್ಕೆ ₹16,800. ಪ್ರಿಂಟಿಗಿಂತ ಕಾಲು ಭಾಗದಷ್ಟೇ ಖರ್ಚು. ಆದರೆ 65,000ವನ್ನು 300ರಿಂದ ಭಾಗಿಸಿ ನೋಡಿ: ಸುಮಾರು 217 ಪ್ರದರ್ಶನ. ಎಂಟನೇ ವಾರ ಮುಗಿಯುವ ಮುಂಚೆಯೇ ವಿಪಿಎಫ್ ಪ್ರಿಂಟಿನ ಬೆಲೆಗೆ ಸಮನಾಗುತ್ತದೆ. ನೂರು ದಿನ ಓಡುವ ಚಿತ್ರಕ್ಕೆ 400 ಪ್ರದರ್ಶನ, ₹1,20,000. ಜೋಪಾನವಾಗಿ ಓಡಿಸಿದ ಫಿಲ್ಮ್ ಪ್ರಿಂಟ್ ಅಷ್ಟು ಪ್ರದರ್ಶನ ತಾಳುತ್ತಿತ್ತು, ಆಮೇಲೆ ಹಳ್ಳಿಗಳಿಗೂ ಹೋಗುತ್ತಿತ್ತು.

ಅಂದರೆ ಈ ದರಪಟ್ಟಿಯೇ ಚಿತ್ರದ ಓಟಕ್ಕೆ ಒಂದು ದಾರಿ ತೋರಿಸುತ್ತದೆ. ಒಂದೇ ಪರದೆಯಲ್ಲಿ ದೀರ್ಘಕಾಲ ಓಡಿಸಿದರೆ ದುಬಾರಿ, ಇನ್ನೂರು ಪರದೆಯಲ್ಲಿ ಒಂದು ವಾರ ಓಡಿಸಿದರೆ ಅಗ್ಗ. ಇಡೀ ಓಟಕ್ಕೆ ಒಂದೇ ಮೊತ್ತ ಎಂಬ ಲೆಕ್ಕ ಇರುವಲ್ಲಿ, ಉದಾಹರಣೆಗೆ ಮಲ್ಟಿಪ್ಲೆಕ್ಸ್ ಪರದೆಗೆ ₹20,000ದಷ್ಟು ಕಟ್ಟುವಲ್ಲಿ, ಸಣ್ಣ ಚಿತ್ರಕ್ಕೆ ಹೊಡೆತ ಇನ್ನೂ ಜೋರು. ದಿನಕ್ಕೆ ಒಂದೇ ಪ್ರದರ್ಶನ ಸಿಕ್ಕು, ಸೋಮವಾರ ಅದೂ ಕಿತ್ತುಹೋದರೆ, ಮೂರು ಪ್ರದರ್ಶನಕ್ಕೆ ₹20,000 ಹಂಚಿಕೊಂಡು ಒಂದೊಂದಕ್ಕೆ ₹6,600 ಬೀಳುತ್ತದೆ. ಇಪ್ಪತ್ತು ಜನ ಟಿಕೆಟ್ ಕೊಂಡರೆ ಅದರಲ್ಲಿ ವಿತರಕನ ಪಾಲು ಅಷ್ಟಾಗುವುದೇ ಇಲ್ಲ.

ಎಲ್ಲರೂ ಒಟ್ಟಿಗೆ ಬಿಡುಗಡೆ ಮಾಡಲು ಹೊರಟಾಗ ಮುರಿದುಬಿದ್ದದ್ದು ಸಣ್ಣ ಊರಿನ ಆ ಹಳೆಯ ವ್ಯಾಪಾರ. ಮೊದಲ ದಿನವೇ ಹೊಸ ಚಿತ್ರ ಸಿಗುತ್ತದೆ ಎಂಬ ಸಂತೋಷ ಮಾಲೀಕನಿಗೆ ಎರಡು ವರ್ಷ ಇತ್ತು. ಆಮೇಲೆ ಗೊತ್ತಾದದ್ದು ಇಷ್ಟು: ಗೆದ್ದ ಚಿತ್ರವನ್ನು ನೋಡಿ ಆರಿಸುವ ಅವಕಾಶ ಹೋಯಿತು. ಈಗ ಅವನೂ ಶುಕ್ರವಾರವೇ ಜೂಜಾಡಬೇಕು. ನಲವತ್ತು ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರದ ಹವಾನಿಯಂತ್ರಿತ ಪರದೆಯಲ್ಲೂ ಅದೇ ದಿನ ಅದೇ ಚಿತ್ರ. ಮೂರನೇ ವಾರಕ್ಕೆ ಚಿತ್ರ ಎಲ್ಲ ಕಡೆಯೂ ಮುಗಿದಿರುತ್ತದೆ, ಸ್ವಲ್ಪ ಕಾಲದಲ್ಲೇ ಟಿವಿಗೋ ಒಟಿಟಿಗೋ ಬಂದಿರುತ್ತದೆ. ಎರಡನೇ ಓಟ ಎಂಬ ಮಾರುಕಟ್ಟೆಯೇ ಇಲ್ಲವಾಯಿತು. ಊರಿನ ಒಂಟಿ ಪರದೆಗಳು ಮುಚ್ಚಿದ್ದಕ್ಕೆ ಜಾಗದ ಬೆಲೆ, ಟಿವಿ, ಮಲ್ಟಿಪ್ಲೆಕ್ಸ್, ಕೊನೆಗೆ ಕೋವಿಡ್ ಎಲ್ಲವೂ ಕಾರಣ. 1968ರಲ್ಲಿ ಶುರುವಾಗಿ 2017ರಲ್ಲಿ ನೆಲಸಮವಾದ ಬೆಂಗಳೂರಿನ ಕಪಾಲಿ ಥಿಯೇಟರಿನಂಥ ಜಾಗವನ್ನು ನುಂಗಿದ್ದು ಮುಖ್ಯವಾಗಿ ನೆಲದ ಬೆಲೆ. ಆದರೆ ನೆಲಕ್ಕೆ ಅಂಥ ಬೆಲೆಯೇ ಇಲ್ಲದ ಸಣ್ಣ ಊರುಗಳಲ್ಲೂ ಬಾಗಿಲು ಬಿದ್ದದ್ದಕ್ಕೆ ಈ ಎರಡನೇ ಓಟದ ಸಾವು ದೊಡ್ಡ ಕಾರಣ ಎಂದು ಹೇಳಬಹುದು. ಇದನ್ನು ಯಾರೂ ಡಿಜಿಟಲ್‌ನ ಖರ್ಚಿನ ಪಟ್ಟಿಯಲ್ಲಿ ಬರೆದುಕೊಂಡಿಲ್ಲ.

ಇನ್ನು ಪ್ರೊಜೆಕ್ಟರ್ ರೂಮಿನೊಳಗಿನ ಖರ್ಚು. ಡಿಜಿಟಲ್ ಪ್ರೊಜೆಕ್ಟರಿಗೂ ಝೆನಾನ್ ಬಲ್ಬೇ ಬೇಕಿತ್ತು. ನಲವತ್ತಡಿಯ ಪರದೆಗೆ 3 ಕಿಲೋವಾಟ್ ಎಂದುಕೊಳ್ಳಿ. ನಾಲ್ಕು ಪ್ರದರ್ಶನಕ್ಕೆ ದಿನಕ್ಕೆ ಹನ್ನೊಂದು ಗಂಟೆ, ವರ್ಷಕ್ಕೆ ನಾಲ್ಕು ಸಾವಿರ ಗಂಟೆ. ಇಂಥ ಬಲ್ಬಿನ ಆಯುಷ್ಯ ಸಾವಿರದಿಂದ ಸಾವಿರದೈನೂರು ಗಂಟೆ. ಅಂದರೆ ವರ್ಷಕ್ಕೆ ಮೂರು ನಾಲ್ಕು ಬಲ್ಬ್, ಪ್ರತಿಯೊಂದಕ್ಕೂ ಹತ್ತಾರು ಸಾವಿರ. ಕರೆಂಟನ್ನು ಬಲ್ಬಿಗೆ ತಕ್ಕ ಡಿಸಿಗೆ ಬದಲಿಸುವ ರೆಕ್ಟಿಫೈಯರಿನ ನಷ್ಟ, ಬ್ಲೋವರ್, ರೂಮಿನ ಎಸಿ ಸೇರಿದರೆ 5 ಕಿಲೋವಾಟ್ ಸುಲಭವಾಗಿ ಆಗುತ್ತದೆ. ದಿನಕ್ಕೆ 55 ಯೂನಿಟ್. ಯೂನಿಟ್ಟಿಗೆ ₹9 ಹಿಡಿದರೂ ವರ್ಷಕ್ಕೆ ₹1,80,000. ಬಾಲ್ಕನಿಯಲ್ಲಿ ಎಂಟು ಜನ ಕೂತಿರಲಿ, ಮನೆ ತುಂಬಿರಲಿ, ಬಲ್ಬ್ ಒಂದೇ ಸಮ ಉರಿಯುತ್ತದೆ.

ದುಡ್ಡು ಉಳಿಸಲು ಮಾಲೀಕ ಮೊದಲು ಮಾಡುವ ಕೆಲಸ ಬಲ್ಬನ್ನು ಅವಧಿ ಮೀರಿ ಓಡಿಸುವುದು. ಪರದೆಯ ಮೇಲೆ ಬೆಳಕು 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಇರಬೇಕು ಎಂಬುದು ಮಾನದಂಡ. ಅವಧಿ ಮುಗಿದ ಬಲ್ಬ್ ನೂರಕ್ಕೆ ಮೂವತ್ತು ನಲವತ್ತು ಭಾಗ ಬೆಳಕು ಕಳೆದುಕೊಂಡಿರುತ್ತದೆ. ರಾತ್ರಿ ದೃಶ್ಯಗಳಲ್ಲಿ ಮುಖವೇ ಕಾಣುವುದಿಲ್ಲ, ಪ್ರೇಕ್ಷಕ ಕ್ಯಾಮೆರಾಮನ್‌ನನ್ನು ಬೈಯುತ್ತಾನೆ. 3ಡಿ ಆದರೆ ಇನ್ನೂ ಕಷ್ಟ, ಫಿಲ್ಟರ್ ಮತ್ತು ಕನ್ನಡಕ ದಾಟುವಷ್ಟರಲ್ಲಿ ಕಣ್ಣಿಗೆ ಸಿಗುವುದು ಐದರಲ್ಲಿ ಒಂದು ಪಾಲು ಬೆಳಕು. 3ಡಿಗಾಗಿ ಬೆಳ್ಳಿ ಪರದೆ ಹಾಕಿಸಿದವರ ಕಡೆ ನಡುವೆ ಮಾತ್ರ ಫಳಫಳ, ಬದಿಯ ಸೀಟಿಗೆ ಮಂಕು. ಅವಧಿ ಮೀರಿದ ಬಲ್ಬಿನ ನಿಜವಾದ ಅಪಾಯ ಬೇರೆ. ತಣ್ಣಗಿದ್ದಾಗಲೂ ಒಳಗೆ ಅನಿಲದ ಒತ್ತಡ ವಾತಾವರಣದ ಹತ್ತರಷ್ಟಿರುತ್ತದೆ, ಉರಿಯುವಾಗ ಅದರ ಎರಡು ಮೂರು ಪಟ್ಟು. ಸಿಡಿದರೆ ರಿಫ್ಲೆಕ್ಟರ್ ಪುಡಿ, ಬಲ್ಬಿನ ಬೆಲೆಗಿಂತ ಅದು ದುಬಾರಿ. ಬದಲಿಸುವಾಗ ಮುಖಕ್ಕೆ ಶೀಲ್ಡ್, ದಪ್ಪ ಗ್ಲೌಸ್, ಮೈಗೆ ಜಾಕೆಟ್ ಕಡ್ಡಾಯ. ಗಾಜಿಗೆ ಬೆರಳು ತಾಗಿದರೆ ಆ ಎಣ್ಣೆಯ ಕಲೆ ಕಾದು ಅಲ್ಲೇ ಬಿರುಕು ಬಿಡುತ್ತದೆ. ಆಲ್ಕೋಹಾಲ್‌ನಲ್ಲಿ ಒರೆಸಿಯೇ ಮುಚ್ಚಬೇಕು.

ಕರೆಂಟಿನ ವಿಷಯದಲ್ಲಿ ಎರಡು ಯಂತ್ರಗಳ ಸ್ವಭಾವವೇ ಬೇರೆ. ಫಿಲ್ಮ್ ಪ್ರೊಜೆಕ್ಟರಿನಲ್ಲಿ ಕರೆಂಟ್ ಹೋದರೆ ಜನರೇಟರ್ ಹಾಕಿ, ಮೋಟಾರ್ ಒತ್ತಿದರೆ ಚಿತ್ರ ನಿಂತಲ್ಲಿಂದಲೇ ಶುರು. ಡಿಜಿಟಲ್‌ನಲ್ಲಿ ಸರ್ವರ್ ಏಳಬೇಕು, ಡಿಸ್ಕ್ ತಪಾಸಣೆ ಆಗಬೇಕು, ಪ್ರೊಜೆಕ್ಟರ್ ಜತೆ ಅದರ ಭದ್ರತಾ ಗುರುತು ತಾಳೆಯಾಗಬೇಕು. ಹತ್ತು ನಿಮಿಷ ಹೋಗುತ್ತದೆ, ಅಷ್ಟರಲ್ಲಿ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ. ಸರ್ವರ್ ಮತ್ತು ಪ್ರೊಜೆಕ್ಟರಿನ ಎಲೆಕ್ಟ್ರಾನಿಕ್ಸ್ ಭಾಗಕ್ಕೆ ಪ್ರತ್ಯೇಕ ಯುಪಿಎಸ್ ಇರಲೇಬೇಕು. ಬಲ್ಬನ್ನು ಯುಪಿಎಸ್ ಮೇಲೆ ಹಾಕುವ ಅಗತ್ಯವಿಲ್ಲ, ಆದರೆ ಬ್ಲೋವರ್ ಮಾತ್ರ ಅದರ ಮೇಲಿರಬೇಕು. ಬಲ್ಬ್ ಆರಿದ ಮೇಲೂ ಕೆಲವು ನಿಮಿಷ ಗಾಳಿ ಬೀಸದಿದ್ದರೆ ಬಿಸಿಗೆ ಬಲ್ಬಿನ ಆಯುಷ್ಯ ಕುಗ್ಗುತ್ತದೆ. ಧೂಳಿನ ಫಿಲ್ಟರ್ ವಾರಕ್ಕೊಮ್ಮೆ ತೊಳೆಯದ ಕಡೆ ಪ್ರೊಜೆಕ್ಟರ್ ಬಿಸಿಯಾಗಿ ಮ್ಯಾಟನಿ ನಡುವೆ ಬಲ್ಬ್ ಆರಿಸಿಕೊಳ್ಳುತ್ತದೆ. ಸರ್ವರಿನ ಡಿಸ್ಕುಗಳಲ್ಲಿ ಒಂದು ಕೆಟ್ಟರೆ ಉಳಿದವು ನಿಭಾಯಿಸುತ್ತವೆ. ಎಚ್ಚರಿಕೆಯ ಕೆಂಪು ದೀಪವನ್ನು ಕಡೆಗಣಿಸಿ ಎರಡನೆಯದೂ ಕೆಡುವವರೆಗೆ ಬಿಟ್ಟರೆ ಒಳಗಿನ ಚಿತ್ರಗಳೆಲ್ಲ ಹೋದಂತೆ.

ಎಲ್ಲಕ್ಕಿಂತ ಕಡೆಗಣಿಸಿದ ಭಾಗ ಒಂದು ಪುಟ್ಟ ಬ್ಯಾಟರಿ. ಡಿಸಿಐ ಯಂತ್ರಗಳ ಮೀಡಿಯಾ ಬ್ಲಾಕ್, ಅಂದರೆ ಚಿತ್ರದ ಫೈಲನ್ನು ಬಿಚ್ಚಿ ಪರದೆಗೆ ಕಳಿಸುವ ಬೋರ್ಡಿನ, ಒಳಗೆ ಗುಪ್ತ ಕೀಲಿಗಳನ್ನು ಕಾಪಾಡುವ ಬ್ಯಾಟರಿ ಇರುತ್ತದೆ. ತಿಂಗಳುಗಟ್ಟಲೆ ಥಿಯೇಟರ್ ಮುಚ್ಚಿ ಕರೆಂಟ್ ತೆಗೆದಿಟ್ಟರೆ ಅದು ಸಾಯುತ್ತದೆ, ಕೀಲಿಗಳು ಅಳಿಸಿಹೋಗುತ್ತವೆ, ಬೋರ್ಡನ್ನು ತಯಾರಕರಿಗೇ ಕಳಿಸಬೇಕು. ಯಾವ ಲೇತ್‌ನಲ್ಲೂ ಅದನ್ನು ಮಾಡಿಸಲಾಗದು. ಥಿಯೇಟರುಗಳು ಬಾಗಿಲು ಹಾಕಿದ್ದ 2020ರ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಯಂತ್ರ ಚಾಲೂ ಮಾಡಿಟ್ಟವರು ಬುದ್ಧಿವಂತರು.

ಕೀಲಿಯ ಮಾತು ಬಂದಾಗ ಗುರುವಾರ ರಾತ್ರಿಯ ಮಾತೂ ಬರಬೇಕು. ಚಿತ್ರದ ಫೈಲು, ಅಂದರೆ ಡಿಸಿಪಿ, 150ರಿಂದ 250 ಜಿಬಿ ತೂಗುತ್ತದೆ, ದಿನಗಳ ಮುಂಚೆಯೇ ಬಂದು ಕೂತಿರುತ್ತದೆ. ಅದನ್ನು ಬಿಚ್ಚುವ ಕೆಡಿಎಂ ಎಂಬ ಕೀಲಿ ಪುಟ್ಟ ಫೈಲು, ಇಮೇಲ್‌ನಲ್ಲೇ ಬರುವಂಥದ್ದು. ಅದು ಒಂದು ಸರ್ವರಿಗೆ ಮಾತ್ರ, ಇಂಥ ದಿನದ ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಮಾತ್ರ. ಸರ್ವರ್ ಬದಲಾಗಿದ್ದರೆ ಕೀಲಿ ಹೊಂದುವುದಿಲ್ಲ. ಗಡಿಯಾರ ತಪ್ಪಿದ್ದರೂ ಹೊಂದುವುದಿಲ್ಲ, ಅದನ್ನು ವರ್ಷಕ್ಕೆ ಆರು ನಿಮಿಷಕ್ಕಿಂತ ಹೆಚ್ಚು ತಿದ್ದಲೂ ಬಿಡುವುದಿಲ್ಲ. ಫಿಲ್ಮ್ ಕಾಲದಲ್ಲಿ ಫೈನಾನ್ಸಿಯರ್‌ನ ಹಿಡಿತ ಇದ್ದದ್ದು ಲ್ಯಾಬ್ ಲೆಟರ್ ಮೇಲೆ: ನೆಗೆಟಿವ್ ಚೆನ್ನೈನ ಲ್ಯಾಬಿನಲ್ಲಿ, ಬಾಕಿ ತೀರದೆ ಪ್ರಿಂಟ್ ಹೊರಡದು. ಈಗ ಆ ಹಿಡಿತ ಕೆಡಿಎಂ ಮೇಲೆ. ಬಾಕಿ ವ್ಯಾಜ್ಯ ಗುರುವಾರ ಮಧ್ಯರಾತ್ರಿಯವರೆಗೆ ಎಳೆದರೆ ಶುಕ್ರವಾರ ಮಾರ್ನಿಂಗ್ ಶೋ ಖೋತಾ. ಪ್ರಿಂಟ್ ಬಾರದಿದ್ದರೆ ಮೊದಲೆಲ್ಲ ಮುಂಚಿನ ದಿನವೇ ಗೊತ್ತಾಗುತ್ತಿತ್ತು, ಬೇರೆ ಚಿತ್ರ ತರಿಸಬಹುದಿತ್ತು. ಈಗ ಕಟೌಟಿಗೆ ಹಾರ ಹಾಕಿ ಬಾಗಿಲ ಮುಂದೆ ನಿಂತ ಜನರಿಗೆ ಮಾಲೀಕ ಉತ್ತರ ಹೇಳಬೇಕು, ತಪ್ಪು ಅವನದಲ್ಲದಿದ್ದರೂ.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಪದರ ಇದೆ. ಇಲ್ಲಿನ ಒಂಟಿ ಪರದೆಗಳಲ್ಲಿ ಬಹುಕಾಲದಿಂದ ವಾರದ ಬಾಡಿಗೆ ಪದ್ಧತಿ. ನಿರ್ಮಾಪಕ ಥಿಯೇಟರಿಗೆ ನಿಗದಿತ ಬಾಡಿಗೆ ಕೊಡುತ್ತಾನೆ. ಕಲೆಕ್ಷನ್ ಕಡಿಮೆ ಬಿದ್ದರೆ ಉಳಿದದ್ದನ್ನು ಕೈಯಿಂದ ಕಟ್ಟುತ್ತಾನೆ. ಅದರ ಮೇಲೆ ವಿಪಿಎಫ್. ಬಾಡಿಗೆಯೊಳಗೇ ಪ್ರೊಜೆಕ್ಟರ್ ಸೇರಿರಬೇಕಲ್ಲವೇ ಎಂಬುದು ನಿರ್ಮಾಪಕರ ಪ್ರಶ್ನೆ. ಕುರ್ಚಿ, ಪರದೆ, ಪ್ರೊಜೆಕ್ಟರ್ ಇಲ್ಲದೆ ಥಿಯೇಟರ್ ಆಗುವುದು ಹೇಗೆ? ಪ್ರಿಂಟ್ ಕೊಡುವುದು ಯಾವತ್ತೂ ನಿಮ್ಮ ಜವಾಬ್ದಾರಿಯೇ ಆಗಿತ್ತಲ್ಲ, ಅದರ ಬದಲಿಗೆ ಇದು ಎಂಬುದು ಪ್ರದರ್ಶಕರ ಉತ್ತರ. ಎರಡೂ ಮಾತಿನಲ್ಲಿ ಸತ್ಯವಿದೆ. ಜಗಳದ ಲಾಭ ಹೋಗುವುದು ನಡುವಿನ ಕಂಪನಿಗೆ, ಯಾಕೆಂದರೆ ಎರಡೂ ಕಡೆಯಿಂದ ದುಡ್ಡು ಪಡೆಯುವುದು ಅದೊಂದೇ.

2018ರ ಮಾರ್ಚ್‌ನಲ್ಲಿ ದಕ್ಷಿಣದ ಚಿತ್ರೋದ್ಯಮಗಳು ಈ ದರಗಳ ವಿರುದ್ಧ ಒಟ್ಟಾಗಿ ಹೊಸ ಬಿಡುಗಡೆ ನಿಲ್ಲಿಸಿದವು. ಉಳಿದ ಕಡೆ ಬೇಗ ರಾಜಿಯಾಯಿತು, ತಮಿಳುನಾಡಿನಲ್ಲಿ ಮಾತ್ರ ಏಪ್ರಿಲ್ ಮೂರನೇ ವಾರದವರೆಗೂ ನಡೆಯಿತು. ನಿರ್ಮಾಪಕರ ಮುಖ್ಯ ವಾದಕ್ಕೆ ಇವತ್ತಿಗೂ ಸಮಾಧಾನದ ಉತ್ತರ ಸಿಕ್ಕಿಲ್ಲ: ಹಾಲಿವುಡ್ ಚಿತ್ರಗಳಿಗೆ ಅವಧಿ ಮುಗಿದು ವಿಪಿಎಫ್ ನಿಂತಿದೆ, ಅದೇ ಪರದೆಯಲ್ಲಿ, ಅದೇ ಯಂತ್ರದಲ್ಲಿ ಓಡುವ ನಮ್ಮ ಚಿತ್ರಕ್ಕೆ ಯಾಕೆ ನಿಲ್ಲುವುದಿಲ್ಲ? ಕಂಪನಿಗಳ ಉತ್ತರ, ಯಂತ್ರ ನಮ್ಮದು, ರಿಪೇರಿ ನಮ್ಮದು, ಹಳತಾದರೆ ಹೊಸದು ತರುವವರೂ ನಾವೇ, ಇದು ಸಾಲದ ಕಂತಲ್ಲ, ಸೇವೆಯ ದರ ಎಂಬುದು. ಅದೂ ಪೂರ್ತಿ ಸುಳ್ಳಲ್ಲ. ಆದರೆ ಸೇವೆಯ ದರ ಎಂದಾದರೆ ಸೇವೆ ಪಡೆಯುವವನಿಗೆ ಬೇರೆಯವರನ್ನು ಆರಿಸುವ ಅವಕಾಶ ಇರಬೇಕು. ಒಂದು ಕಂಪನಿಯ ಸರ್ವರಿನಲ್ಲಿ ಇನ್ನೊಂದು ಕಡೆ ತಯಾರಾದ ಪ್ರತಿ ಓಡಿಸಲು ಲೀಸ್ ಒಪ್ಪಂದ ಬಿಡುವುದಿಲ್ಲ ಎಂಬ ದೂರು ಭಾರತೀಯ ಸ್ಪರ್ಧಾ ಆಯೋಗದವರೆಗೆ ಹೋಗಿ ವರ್ಷಗಟ್ಟಲೆ ವಿಚಾರಣೆ ನಡೆದದ್ದು ಇದೇ ಪ್ರಶ್ನೆಯ ಮೇಲೆ.

ಈಗ ಎದುರಿಗಿರುವುದು ಎರಡನೇ ಸುತ್ತು. ಹಳೆಯ ಯಂತ್ರಗಳಿಗೆ ಬಿಡಿಭಾಗ ಕಡಿಮೆಯಾಗುತ್ತಿದೆ, ಸೋನಿ 2020ರಲ್ಲಿ ಸಿನಿಮಾ ಪ್ರೊಜೆಕ್ಟರ್ ವ್ಯಾಪಾರವನ್ನೇ ಬಿಟ್ಟಿತು. ಬದಲಿಗೆ ಬಂದಿರುವುದು ಲೇಸರ್ ಫಾಸ್ಫರ್, ಅಂದರೆ ಲೇಸರ್ ಕಿರಣವನ್ನು ಫಾಸ್ಫರ್ ಲೇಪದ ಮೇಲೆ ಬಿಟ್ಟು ಬೆಳಕು ಪಡೆಯುವ ಪ್ರೊಜೆಕ್ಟರ್. ಬಲ್ಬ್ ಇಲ್ಲ, ಬೆಳಕು ಅರ್ಧಕ್ಕಿಳಿಯುವವರೆಗೆ ಇಪ್ಪತ್ತು ಸಾವಿರ ಗಂಟೆಗೂ ಮೇಲೆ ಎಂದು ತಯಾರಕರು ಹೇಳುತ್ತಾರೆ. ನಾಲ್ಕು ಪ್ರದರ್ಶನದ ಲೆಕ್ಕದಲ್ಲಿ ಐದು ವರ್ಷ. ಕರೆಂಟೂ ಗಣನೀಯವಾಗಿ ಕಡಿಮೆ. ಮೇಲೆ ಹಾಕಿದ ಲೆಕ್ಕದ ಬಲ್ಬ್ ಮತ್ತು ಕರೆಂಟ್ ಖರ್ಚಿನ ಅರ್ಧ ಉಳಿದರೂ ವರ್ಷಕ್ಕೆ ಲಕ್ಷ ದಾಟುತ್ತದೆ. ಆದರೆ ಈ ಉಳಿತಾಯ ಸಿಗುವುದು ನಾಲ್ಕು ಪ್ರದರ್ಶನ ಓಡಿಸುವವನಿಗೆ. ದಿನಕ್ಕೆ ಎರಡೇ ಪ್ರದರ್ಶನ, ವರ್ಷದಲ್ಲಿ ಮೂರು ತಿಂಗಳು ಖಾಲಿ ಎನ್ನುವ ಥಿಯೇಟರಿಗೆ ಬಲ್ಬಿನ ಖರ್ಚೇ ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ, ಲೇಸರಿನ ಹೆಚ್ಚುವರಿ ಬೆಲೆ ಹುಟ್ಟಲು ಹತ್ತು ವರ್ಷ ಬೇಕಾಗಬಹುದು. ಅಂಥವರು ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಝೆನಾನ್ ಯಂತ್ರವನ್ನು, ಮೀಡಿಯಾ ಬ್ಲಾಕ್ ಬ್ಯಾಟರಿ ಹೊಸದು ಹಾಕಿಸಿ, ಬಿಳಿ ಪ್ಯಾಟರ್ನ್ ಓಡಿಸಿ ಸತ್ತ ಪಿಕ್ಸೆಲ್ ಎಣಿಸಿ, ದೀಪದ ಗಂಟೆ ಮೀಟರ್ ನೋಡಿ ಕೊಳ್ಳುವುದು ಇವತ್ತಿಗೂ ಲೆಕ್ಕಕ್ಕೆ ಕೂರುತ್ತದೆ.

ಲೀಸ್ ಬರೆಯುವವರು ಸಹಿಗೆ ಮೊದಲು ಕೆಲವು ಸಾಲುಗಳನ್ನು ಎರಡು ಸಲ ಓದಬೇಕು. ಬಲ್ಬ್ ಅಥವಾ ಲೇಸರ್ ಮಾಡ್ಯೂಲ್ ಹಾಳಾದರೆ ಯಾರ ಖರ್ಚು. ತಂತ್ರಜ್ಞ ಎಷ್ಟು ಗಂಟೆಯೊಳಗೆ ಬರುತ್ತಾನೆ, ಬಾರದೆ ಪ್ರದರ್ಶನ ಹೋದರೆ ಪರಿಹಾರ ಉಂಟೋ. ಜಾಹೀರಾತಿಗೆ ಗರಿಷ್ಠ ಎಷ್ಟು ನಿಮಿಷ, ಊರಿನ ಅಂಗಡಿಯ ಜಾಹೀರಾತು ನಾವೇ ಹಾಕಬಹುದೋ. ಬೇರೆ ಕಡೆ ಮಾಡಿಸಿದ ಡಿಸಿಪಿ ಓಡಿಸಬಹುದೋ. ಅವಧಿ ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ದಂಡ, ಅವಧಿ ಮುಗಿದಾಗ ಯಂತ್ರ ಯಾರದ್ದು. ಮೊದಲ ಸುತ್ತಿನಲ್ಲಿ ಬಹಳ ಮಂದಿ ಈ ಕೊನೆಯ ಸಾಲನ್ನು ಓದದೆ ಸಹಿ ಹಾಕಿದರು. ಹತ್ತು ವರ್ಷ ಬಾಡಿಗೆ ಕಟ್ಟಿದ ಮೇಲೂ ಪ್ರೊಜೆಕ್ಟರ್ ತಮ್ಮದಾಗಲಿಲ್ಲ. ಅದನ್ನು ತರಲು ಅವರು ಕೆಳಗಿಳಿಸಿದ್ದ ಫೋಟೋಫೋನ್ ಅಷ್ಟು ಹೊತ್ತಿಗೆ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗಿತ್ತು.